ಮೂರು ಮಳೆಗಾಲ ಕಂಡ ಗಿಟಾರ್ ತೋರಿಸಿ

ಪ್ರಶ್ನೆ: ನಾನು ಧಾರವಾಡದವನು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಎಂಟು ವರ್ಷದಿಂದ ಅಂಗಡಿಯಲ್ಲಿ ಕೊಂಡ ಗಿಟಾರನ್ನೇ ನುಡಿಸುತ್ತಿದ್ದೇನೆ. ಈಗ ನನ್ನ ಕೈಗೆ ತಕ್ಕ ಹಾಗೆ ಒಂದು ಅಕೂಸ್ಟಿಕ್ ಗಿಟಾರ್ ಮಾಡಿಸುವ ಆಸೆ. ಮುಂಬೈನಲ್ಲಿ ಒಬ್ಬರು, ಗೋವಾದಲ್ಲಿ ಇಬ್ಬರು ಮಾಡಿಕೊಡುತ್ತಾರೆ ಎಂದು ಗೊತ್ತಾಯಿತು. ಮೂವರ ಕೆಲಸದ ಫೋಟೋಗಳೂ ಚೆನ್ನಾಗಿವೆ, ಮೂವರೂ ಚೆನ್ನಾಗಿಯೇ ಮಾತಾಡುತ್ತಾರೆ. ಯಾರಿಗೆ ಕೊಡಲಿ? ಯಾವ ಮರ ಕೇಳಲಿ? (ಓದುಗರೊಬ್ಬರು, ಪುಣೆ)

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಕೊನೆಗೆ ಮರಕ್ಕೆ ಬಂದು ನಿಲ್ಲುತ್ತಾರೆ. ಸ್ಪ್ರೂಸಾ ಸೀಡರಾ, ಬೀಟೆಯಾ ಮಹಾಗನಿಯಾ. ಮರದ ಮಾತು ಆಮೇಲೆ ಆಡೋಣ. ಮೊದಲು ಮೂವರಿಗೂ ಒಂದೇ ಮಾತು ಕೇಳಿ: "ನೀವು ಮಾಡಿದ್ದರಲ್ಲಿ ಮೂರು ಮಳೆಗಾಲ ಕಂಡ ಗಿಟಾರ್ ಯಾವುದಾದರೂ ಇದ್ದರೆ ತೋರಿಸ್ತೀರಾ?"

ಹೊಸದನ್ನು ತೋರಿಸಲು ಎಲ್ಲರೂ ತಯಾರು. ಹೊಸ ಗಿಟಾರ್ ಮದುವೆ ದಿನದ ಮದುಮಗ ಇದ್ದ ಹಾಗೆ, ಯಾರನ್ನು ನೋಡಿದರೂ ಚೆಂದವೇ. ನಿಜವಾದ ಬಣ್ಣ ಆಮೇಲೆ ಗೊತ್ತಾಗುತ್ತದೆ. ಸ್ಟೀಲ್ ತಂತಿಯ ಗಿಟಾರ್‌ನ ಮೇಲಿನ ಹಲಗೆ, ಅಂದರೆ ಟಾಪ್, ಎರಡೂವರೆ ಮೂರು ಮಿಲಿಮೀಟರ್ ದಪ್ಪ ಇರುತ್ತದೆ ಅಷ್ಟೆ. ಅದರ ಮೇಲೆ ಆರು ತಂತಿ ಸೇರಿ ಹಗಲೂ ರಾತ್ರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಒಬ್ಬ ದೊಡ್ಡ ಮನುಷ್ಯ ಆ ತೆಳು ಹಲಗೆಗೆ ಜೋತು ಬಿದ್ದಿದ್ದಾನೆ ಅಂದುಕೊಳ್ಳಿ. ಹಲಗೆ ದಪ್ಪ ಮಾಡಿದರೆ ತಡೆಯುತ್ತದೆ, ಆದರೆ ನಾದ ಸತ್ತುಹೋಗುತ್ತದೆ. ತೆಳು ಮಾಡಿದರೆ ನಾದ ಬರುತ್ತದೆ, ಬಾಳಿಕೆ ಬರುವುದಿಲ್ಲ. ಗಿಟಾರ್ ಕಟ್ಟುವವರನ್ನು ಲೂಥಿಯರ್ ಅನ್ನುತ್ತಾರಲ್ವಾ, ಅವರ ವಿದ್ಯೆಯೆಲ್ಲ ಇರುವುದು ಈ ಎರಡರ ನಡುವಿನ ಸಣ್ಣ ಜಾಗದಲ್ಲಿ. ಅವರು ಅಲ್ಲಿ ಸರಿಯಾಗಿ ನಿಂತಿದ್ದಾರೋ ಇಲ್ಲವೋ ಅಂತ ಒಂದು ತಿಂಗಳ ಗಿಟಾರ್ ಹೇಳುವುದಿಲ್ಲ.

ಹಳೆಯ ಗಿಟಾರ್ ಕೈಗೆ ಸಿಕ್ಕಿದ ಕೂಡಲೇ ನುಡಿಸಬೇಡಿ. ನುಡಿಸಿದರೆ ಮನಸ್ಸು ಕರಗುತ್ತದೆ, ಕಣ್ಣು ಮುಚ್ಚಿಹೋಗುತ್ತದೆ. ಮೊದಲು ನೋಡಿ. ತಂತಿ ಕಟ್ಟಿರುವ ಬ್ರಿಡ್ಜ್‌ನ ಹಿಂಬದಿಗೆ ಒಂದು ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದೇ ಅರ್ಥ. ಬ್ರಿಡ್ಜ್ ಹಿಂದೆ ಹಲಗೆ ಸ್ವಲ್ಪ ಉಬ್ಬಿದ್ದರೆ ಗಾಬರಿ ಬೇಡ, ಅದು ಸಹಜ. ಬ್ರಿಡ್ಜ್ ಮುಂದಕ್ಕೆ ವಾಲಿ, ಸೌಂಡ್‌ಹೋಲ್ ಎಂಬ ನಡುವಿನ ದುಂಡು ತೂತಿನ ಕಡೆ ಹಲಗೆ ಕುಸಿದಿದ್ದರೆ ಮಾತ್ರ ಅನುಮಾನ ಪಡಿ. ಆಮೇಲೆ ಒಂದು ಉದ್ದದ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ, ಅಂದರೆ ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿಗಳ, ಮೇಲೆ ಇಟ್ಟು ಬ್ರಿಡ್ಜ್ ತನಕ ಚಾಚಿ. ಸ್ಕೇಲಿನ ತುದಿ ಬ್ರಿಡ್ಜ್ ಮರದ ಮೇಲಂಚಿಗೆ ಸರಿಯಾಗಿ ಬಂದು ತಾಗಬೇಕು. ಅದಕ್ಕಿಂತ ಕೆಳಗೆ ಬಡಿದರೆ ನೆಕ್‌ನ, ಅಂದರೆ ಗಿಟಾರ್‌ನ ಕತ್ತಿನ, ಕೋನ ತಪ್ಪಿದೆ. ಇಂಥ ಗಿಟಾರ್‌ಗೆ ಇವತ್ತಲ್ಲ ನಾಳೆ ನೆಕ್ ಬಿಚ್ಚಿ ಕೂರಿಸುವ ದೊಡ್ಡ ಕೆಲಸ ಕಾದಿದೆ. ಕೊನೆಗೆ ನೆಕ್‌ನ ಅಂಚಿನಲ್ಲಿ ಬೆರಳು ಸವರಿ. ನುಣ್ಣಗಿದೆಯಾ, ಗರಗಸದ ಹಾಗೆ ಚುಚ್ಚುತ್ತದಾ?

ಈ ಗರಗಸದ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ನಾನು ಠಾಣೆಯಲ್ಲಿರುವವನು. ಮೊದಲ ಸಲ ಮಾಡಿಸಿದ ಗಿಟಾರ್ ಕೈಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಅದರ ಹೊಟ್ಟೆಯ ಕೆಲಸವೆಲ್ಲ ಆದದ್ದು ಜೂನ್, ಜುಲೈ, ಆಗಸ್ಟ್‌ನಲ್ಲಿ. ನನಗೆ ಅದು ಆಗ ಹೊಳೆಯಲಿಲ್ಲ. ಆರು ತಿಂಗಳು ಅದನ್ನು ತಬ್ಬಿಕೊಂಡೇ ಇದ್ದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಅಕ್ಕನ ಮನೆಗೆ ತೆಗೆದುಕೊಂಡು ಹೋದೆ. ನಾಲ್ಕನೇ ದಿನ ನುಡಿಸುವಾಗ ಅಂಗೈ ಬದಿಗೆ ಏನೋ ಗೀರಿತು. ಫ್ರೆಟ್‌ಗಳ ತುದಿ ಹೊರಗೆ ಬಂದಿದ್ದವು. ಬೆಳಕಿಗೆ ಹಿಡಿದರೆ ಬ್ರಿಡ್ಜ್ ಕೆಳಗೆ ಕೂದಲೆಳೆಯಂಥ ಬಿರುಕು. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, "ನೀವು ಸರಿಯಾಗಿ ನೋಡಿಕೊಂಡಿಲ್ಲ" ಅಂದರು. ಅರ್ಧ ನಿಜ. ಇನ್ನರ್ಧ ಅವರ ಕೋಣೆಯ ಗಾಳಿಯಲ್ಲಿತ್ತು.

ನಿಮ್ಮ ಮನೆಯ ಮರದ ಬಾಗಿಲನ್ನೇ ನೋಡಿ. ಜುಲೈನಲ್ಲಿ ಒದ್ದರೂ ಮುಚ್ಚುವುದಿಲ್ಲ. ಏಪ್ರಿಲ್‌ನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದೂ ಅಡ್ಡಕ್ಕೆ ಮಾತ್ರ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಈಗ ಗಿಟಾರ್ ಒಳಗೆ ಬನ್ನಿ. ಟಾಪ್‌ನ ನಾರು ಉದ್ದಕ್ಕೆ ಓಡುತ್ತದೆ. ಅದರ ಅಡಿಯಲ್ಲಿ ಅಂಟಿಸಿರುವ ಬ್ರೇಸ್ ಎಂಬ ಪಟ್ಟಿಗಳು ಓರೆಯಾಗಿ, ಅಡ್ಡವಾಗಿ ಓಡುತ್ತವೆ. ಒದ್ದೆ ಗಾಳಿಯಲ್ಲಿ ಹಿಗ್ಗಿ ಕೂತ ಹಲಗೆಗೆ ಪಟ್ಟಿ ಅಂಟಿಸಿದಿರಿ ಅನ್ನಿ. ಮುಂದೆ ಒಣ ಊರಿಗೆ ಹೋದಾಗ ಹಲಗೆ ಕುಗ್ಗಬೇಕು ಅನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಒಂದೋ ಹಲಗೆ ಒಳಕ್ಕೆ ಕುಸಿಯುತ್ತದೆ, ಇಲ್ಲವೇ ಸೀಳುತ್ತದೆ. ನಲವತ್ತು ಸೆಂಟಿಮೀಟರ್ ಅಗಲದ ಹಲಗೆ ಮಳೆಗಾಲದಿಂದ ಬೇಸಿಗೆಗೆ ಕೆಲವು ಮಿಲಿಮೀಟರ್ ಕುಗ್ಗಬಲ್ಲದು. ಅಷ್ಟು ಸಾಕು.

ಈಗ ನಿಮ್ಮ ಸ್ಥಿತಿ ನೋಡಿ. ಮುಂಬೈ, ಗೋವಾದಲ್ಲಿ ಮಳೆಗಾಲದ ತೇವಾಂಶ ಶೇಕಡಾ 80 ದಾಟುವುದು ದಿನನಿತ್ಯದ ಮಾತು. ಪುಣೆಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಗಿಟಾರ್ ಕಟ್ಟುವ ಕೋಣೆಯಲ್ಲಿ 45ರಿಂದ 50 ಇರಬೇಕು ಎನ್ನುವುದು ಪ್ರಪಂಚದ ಎಲ್ಲ ಕಡೆ ಒಪ್ಪಿಕೊಂಡ ಲೆಕ್ಕ. ಅದಕ್ಕೇ ನಿಮ್ಮ ಎರಡನೇ ಪ್ರಶ್ನೆ ಇದು: "ಮಳೆಗಾಲದಲ್ಲಿ ನೀವು ಏನು ಕೆಲಸ ಮಾಡ್ತೀರಿ?" ಬಲ್ಲವರು ಈ ಪ್ರಶ್ನೆಗೆ ನಗುತ್ತಾರೆ, ಆಮೇಲೆ ಉದ್ದವಾಗಿ ಉತ್ತರಿಸುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸ್ತೀನಿ ಅನ್ನಬಹುದು. ಬ್ರೇಸ್ ಅಂಟಿಸುವುದನ್ನು ಒಣ ದಿನಗಳಿಗೆ ಇಟ್ಟುಕೊಂಡು, ಮಳೆಯಲ್ಲಿ ನೆಕ್ ಕೆತ್ತುತ್ತೀನಿ ಅನ್ನಬಹುದು. ಪಾಲಿಶ್ ಮಾತ್ರ ಮುಟ್ಟೋದೇ ಇಲ್ಲ ಅನ್ನಬಹುದು. ಒದ್ದೆ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. "ಮಳೆಗಾಲ ಆದರೇನು ಸಾರ್, ಕೆಲಸ ನಿಲ್ಲಲ್ಲ" ಎಂದವರಿಗೆ ನಮಸ್ಕಾರ ಹೇಳಿ ಬನ್ನಿ.

ಈಗ ನಿಮ್ಮನ್ನು ನೋಡುವ ಸರದಿ ಅವರದು. ಒಳ್ಳೆಯ ಲೂಥಿಯರ್ ಹಣದ ಮಾತಿಗೆ ಮೊದಲು "ನುಡಿಸಿ ನೋಡೋಣ" ಅನ್ನುತ್ತಾರೆ. ಇದು ನಮಗೆ ಹೊಸದೇನೂ ಅಲ್ಲ. ಧಾರವಾಡದಿಂದ ಪುಣೆಗೆ ಬರುವ ರೈಲು ಮಿರಜ್ ದಾಟುತ್ತದಲ್ಲ, ಅಲ್ಲಿನ ತಂಬೂರಿ, ಸಿತಾರ್ ಮಾಡುವ ಮನೆಗಳನ್ನು ನೀವು ನೋಡಿರಬಹುದು. 2024ರಲ್ಲಿ ಆ ವಾದ್ಯಗಳಿಗೆ ಜಿಐ ಟ್ಯಾಗ್ ಕೂಡ ಬಂತು. ನಿಮ್ಮೂರಿನ ಹಾಡುಗಾರರು ಅಲ್ಲಿ ತಂಬೂರಿ ಕೊಳ್ಳುವಾಗ ಸುಮ್ನೆ ಬೆಲೆ ಕೇಳಿ ಎತ್ತಿಕೊಂಡು ಬರುವುದಿಲ್ಲ. ಕೂತು ಶ್ರುತಿ ಹಿಡಿಯುತ್ತಾರೆ, ಕಾರಿಗರು ಅವರ ಸ್ವರಕ್ಕೆ ಹೊಂದುವ ಹಾಗೆ ಬ್ರಿಡ್ಜ್ ಉಜ್ಜಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆಗೆಯುತ್ತಾರೆ. ಗಿಟಾರ್‌ಗೂ ಅದೇ ಮರ್ಯಾದೆ ಸಲ್ಲಬೇಕು. ನೀವು ಬೆರಳಲ್ಲಿ ಮೀಟುತ್ತೀರಾ, ಪಿಕ್ ಹಿಡಿಯುತ್ತೀರಾ, ಹಾಡಿನ ಹಿಂದೆ ಬಾರಿಸುತ್ತೀರಾ ಎಂದು ಅವರು ನೋಡಬೇಕು. (ಹಾಗಂತ ಮಿರಜ್‌ನಲ್ಲೇ ಗಿಟಾರ್ ಮಾಡಿಸಲು ಹೋಗಬೇಡಿ. ಅದು ಬೇರೆಯೇ ವಿದ್ಯೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪಳಗಿದವರ ಕೈಯಲ್ಲಿ ಅವರ ಮೊದಲ ಅಕೂಸ್ಟಿಕ್ ಮಾಡಿಸುವುದೂ ಇಷ್ಟೇ ಅಪಾಯ.)

ಹೋಗುವಾಗ ನಿಮ್ಮ ಈಗಿನ ಗಿಟಾರನ್ನು ಹೊತ್ತುಕೊಂಡೇ ಹೋಗಿ. ಅದರಲ್ಲಿ ಏನು ಇಷ್ಟ, ಏನು ಕಷ್ಟ ಎಂದು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಎರಡು ಅಳತೆ ತಿಳಿದಿರಲಿ. ನಟ್, ಅಂದರೆ ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಗೀರುಪಟ್ಟಿ, ಅದರ ಹತ್ತಿರ ನೆಕ್‌ನ ಅಗಲ ಸುಮಾರು 43 ಮಿಲಿಮೀಟರಾ, 44.5 ಮಿಲಿಮೀಟರಾ? ಓದಲು ಒಂದೂವರೆ ಮಿಲಿಮೀಟರ್, ಬೆರಳಲ್ಲಿ ಮೀಟುವವರಿಗೆ ಅದು ಒಂದು ಕೋಣೆಯಷ್ಟು ಜಾಗ. ಇನ್ನೊಂದು ಸ್ಕೇಲ್ ಲೆಂತ್, ನಟ್‌ನಿಂದ ಬ್ರಿಡ್ಜ್ ತನಕ ತಂತಿಯ ಉದ್ದ. ಸಾಮಾನ್ಯವಾಗಿ 645 ಮಿಲಿಮೀಟರ್, ಚಿಕ್ಕದು ಬೇಕೆಂದರೆ 632. ಚಿಕ್ಕದರಲ್ಲಿ ತಂತಿಯ ಬಿಗಿ ಕಡಿಮೆ, ಎಡಗೈಗೆ ಆರಾಮ. ಕಸ್ಟಮ್ ಎಂಬ ಮಾತಿಗೆ ನಿಜವಾದ ಅರ್ಥ ಇರುವುದು ಈ ಎರಡು ಅಂಕಿಯಲ್ಲಿ. ಹನ್ನೆರಡನೇ ಫ್ರೆಟ್‌ನಲ್ಲಿ ಮುತ್ತಿನ ಚಿಪ್ಪಿನ ನವಿಲು ಕೂರಿಸುವುದು ಕೊನೆಯ ಮಾತು. ಕೂರಿಸಬೇಡಿ ಅಂತಲೂ ಅನ್ನಲ್ಲ, ನನ್ನದರಲ್ಲೂ ಒಂದು ಸಣ್ಣ ಮಾವಿನ ಎಲೆ ಇದೆ.

ಸರಿ, ಮರ. ಸ್ಪೇನಿನ ಆಂಟೋನಿಯೋ ದೆ ಟೋರೆಸ್ ಎಂಬವರು ಇವತ್ತಿನ ಕ್ಲಾಸಿಕಲ್ ಗಿಟಾರ್‌ನ ರೂಪ ಕೊಟ್ಟವರು. ಅವರು 1862ರಲ್ಲಿ ಒಂದು ಗಿಟಾರ್ ಮಾಡಿದರು. ಟಾಪ್ ಮಾತ್ರ ಮರ. ಹಿಂಬದಿ, ಪಕ್ಕ ಎಲ್ಲ ಕಾಗದದ ರಟ್ಟು, ನಮ್ಮಲ್ಲಿ ಗೊಂಬೆ ಮಾಡುವ ಪೇಪಿಯರ್ ಮ್ಯಾಶೆ. ನಾದ ಹುಟ್ಟುವುದು ಮೇಲಿನ ಹಲಗೆಯಲ್ಲಿ ಎಂದು ತೋರಿಸುವುದು ಅವರ ಉದ್ದೇಶ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಹಾಗಾಗಿ ಹಿಂಬದಿಗೆ ಯಾವ ಮರ ಎಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಟಾಪ್ ಬಗ್ಗೆ ಕೇಳಿ. ಸ್ಪ್ರೂಸ್ ಗಟ್ಟಿಯಾಗಿ ಬಾರಿಸಿದರೂ ತಡೆಯುತ್ತದೆ, ಸೀಡರ್ ಮೆತ್ತಗಿನ ಬೆರಳಿಗೆ ಬೇಗ ಓಗೊಡುತ್ತದೆ. ಎರಡೂ ಹೊರದೇಶದಿಂದ ಬರಬೇಕು. ಬಂದ ಮೇಲೆ ಇಲ್ಲಿನ ಗಾಳಿಯಲ್ಲಿ ಎಷ್ಟು ದಿನ ಇಟ್ಟಿದ್ದಾರೆ ಎಂದು ಕೇಳಿ. ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಟ್ಟುಕೊಳ್ಳುವವರು ಸಿಕ್ಕರೆ ನನಗೆ ತುಂಬ ಖುಷಿ.

ಹಿಂಬದಿಗೆ, ಪಕ್ಕಕ್ಕೆ ನಮ್ಮ ಬೀಟೆ ಇದ್ದೇ ಇದೆ. ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಪ್ರಪಂಚದ ಎಷ್ಟೋ ಗಿಟಾರ್‌ಗಳ ಬೆನ್ನು ನಮ್ಮ ಪಶ್ಚಿಮ ಘಟ್ಟದ್ದು. ಆದರೆ ಮುಂಬೈ, ಪುಣೆಯ ಟಿಂಬರ್ ಅಂಗಡಿಯಲ್ಲಿ ಹೆಸರಿನ ಗೊಂದಲ ಇದೆ. ಮರಾಠಿಯವರು ಶಿಸವ ಎಂದರೆ ಬೀಟೆ. ಹಿಂದಿಯಲ್ಲಿ ಶೀಶಮ್ ಎಂದರೆ ಅದರ ತಮ್ಮನಂಥ ಬೇರೆ ಮರ. ಬಿಲ್ ಇಲ್ಲದ ಬೀಟೆ ಬೇಡವೇ ಬೇಡ. ಊರಿನ ಅಜ್ಜನ ಮಂಚ ಬಿಚ್ಚಿ ಗಿಟಾರ್ ಮಾಡಿಸೋಣ ಎನ್ನುವ ಆಸೆ ಎಷ್ಟೋ ಜನಕ್ಕೆ ಬರುತ್ತದೆ. ಹಲಗೆ ಕೊಯ್ದ ದಿಕ್ಕು ಸರಿ ಇಲ್ಲದಿದ್ದರೆ ಲೂಥಿಯರ್ ಅದನ್ನು ಮುಟ್ಟುವುದಿಲ್ಲ. ಮಂಚ ಮಂಚವಾಗಿಯೇ ಇರಲಿ.

ಹಣದ ವಿಷಯ ಚಿಕ್ಕದು. ಅಡ್ವಾನ್ಸ್ ಒಂದೇ ಸಲ ಕೊಡಬೇಡಿ, ಕೆಲಸದ ಹಂತಕ್ಕೆ ಕಟ್ಟಿ ಕೊಡಿ. ಕೇಸ್ ಸೇರಿದೆಯಾ, ಬಿರುಕು ಬಿಟ್ಟರೆ ಯಾರ ಖರ್ಚು, ಎಷ್ಟು ವರ್ಷದ ತನಕ, ಇವಿಷ್ಟು ಕಾಗದದಲ್ಲಿ ಇರಲಿ. ತಡ ಆಗೇ ಆಗುತ್ತದೆ. ತಡಕ್ಕೆ ಜಗಳ ಬೇಡ. "ಈ ವಾರ ಗಾಳಿ ಸರಿ ಇಲ್ಲ" ಎಂದು ತಡ ಮಾಡಿದವರಿಗೆ ನಾನಾದರೆ ಒಂದು ಕಾಫಿ ಕೊಡಿಸುತ್ತೇನೆ.

ಇಷ್ಟಾದರೂ ಮೂವರಲ್ಲಿ ಇಬ್ಬರ ನಡುವೆ ಮನಸ್ಸು ತೂಗಾಡುತ್ತಿದ್ದರೆ, ನಿಮ್ಮ ಹಳೆಯ ಗಿಟಾರ್‌ನ ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ಹೊಸ ನಟ್ ಹಾಕಿಸಿ, ಫ್ರೆಟ್ ತಿಕ್ಕಿಸಿ, ತಂತಿಯ ಎತ್ತರ ಸರಿ ಮಾಡುವ ಸೆಟಪ್ ಮಾಡಿಸಿ. ಮುಂಬೈನವರ ವಿಷಯದಲ್ಲಿ ಧೋಬಿ ತಲಾವ್ ಕಡೆ ಒಂದು ಸುತ್ತು ಹಾಕಿ ಬರುವುದೂ ಒಳ್ಳೆಯದು. ಗೋವಾದ ವಾದ್ಯಗಾರರು ಕುಡ್ಡುಗಳಲ್ಲಿ, ಅಂದರೆ ತಮ್ಮ ಊರಿನವರು ನಡೆಸುವ ವಸತಿಗಳಲ್ಲಿ, ಇಳಿದುಕೊಂಡು ಸಿನಿಮಾ ಆರ್ಕೆಸ್ಟ್ರಾಗಳಿಗೆ ನುಡಿಸಿದ ಕಾಲದಿಂದ ಅಲ್ಲಿ ಸಂಗೀತದ ಅಂಗಡಿಗಳಿವೆ. ಫರ್ಟಾಡೋಸ್ ಎಂಬ ಅಂಗಡಿ ಅದಕ್ಕೂ ಹಿಂದಿನದು, 1865ರದ್ದು. ಅಂಥ ಅಂಗಡಿಗೆ ಬರುವ ನುಡಿಸುವವರನ್ನು "ನಿಮ್ಮ ಗಿಟಾರ್ ರಿಪೇರಿಗೆ ಯಾರ ಹತ್ತಿರ ಕೊಡ್ತೀರಿ" ಎಂದು ಕೇಳಿ. ಹೊಸದನ್ನು ಯಾರ ಹತ್ತಿರ ಮಾಡಿಸಿದಿರಿ ಎಂದು ಕೇಳಿದರೆ ಹೆಮ್ಮೆಯ ಉತ್ತರ ಬರುತ್ತದೆ, ರಿಪೇರಿ ಎಂದರೆ ನಿಜವಾದ ಉತ್ತರ ಬರುತ್ತದೆ.

ಗೋವಾಕ್ಕೆ ಯಾವಾಗ ಹೋಗಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲರೂ ಹೋಗುವ ಡಿಸೆಂಬರ್‌ನಲ್ಲಿ ಬೇಡ. ಜುಲೈನಲ್ಲಿ, ಮಳೆ ಬಿಡದೆ ಹೊಡೆಯುವ ವಾರ ನೋಡಿಕೊಂಡು ಹೋಗಿ. ಇನ್ನೂರು ರೂಪಾಯಿಯೋ ಐನೂರೋ ಕೊಟ್ಟು ಗಾಳಿಯ ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಹೇಗೂ ಮುಂದೆ ಅದು ನಿಮ್ಮ ಗಿಟಾರ್ ಕೇಸಿನೊಳಗೆ ಬೇಕಾಗುತ್ತದೆ. ಕೆಲಸದ ಕೋಣೆಗೆ ಕಾಲಿಟ್ಟಾಗ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹದಿನೈದು ನಿಮಿಷ ಮಾತಾಡುತ್ತಾ ಕೂತಿರಿ. ಆಮೇಲೆ ಮುಳ್ಳು ಎಲ್ಲಿ ನಿಂತಿದೆ ನೋಡಿ.