ಓದುಗರ ಪ್ರಶ್ನೆ: ಮಾಂಸಕ್ಕೆ ಕೆಂಪು ವೈನ್, ಮೀನಿಗೆ ಬಿಳಿ ವೈನ್ ಎಂಬುದು ನಿಜವೇ?

ಪ್ರಶ್ನೆ: ಹಬ್ಬದ ದಿನ ಬಹಳ ಮಂದಿ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಹುರಿದ ಮಾಂಸ, ಮೀನು, ತರಕಾರಿ, ಕೊನೆಯಲ್ಲಿ ಸಿಹಿ, ಎಲ್ಲವೂ ಇರುತ್ತವೆ. ಮಾಂಸಕ್ಕೆ ಕೆಂಪು ವೈನ್, ಮೀನಿಗೆ ಬಿಳಿ ವೈನ್ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಎರಡನ್ನೂ ತರಲೇಬೇಕೆ? ಬಿಯರ್ ಅಥವಾ ಸೇಬಿನ ರಸ ಹುದುಗಿಸಿ ಮಾಡುವ ಸೈಡರ್ ಇಟ್ಟರೆ ತಪ್ಪಾಗುತ್ತದೆಯೇ?

ಉತ್ತರ: ಎರಡನ್ನೂ ತರಬೇಕಾಗಿಲ್ಲ, ಬಿಯರ್ ಇಡುವುದಾಗಲಿ ಸೈಡರ್ ಇಡುವುದಾಗಲಿ ತಪ್ಪಲ್ಲ. ಹಲವು ಬಗೆಯ ಅಡುಗೆ ಒಂದೇ ಮೇಜಿನ ಮೇಲೆ ಬರುವ ಊಟಕ್ಕೆ ಒಂದೇ ಪಾನೀಯ ಸಾಕೆಂದಾದರೆ, ಹುಳಿ ಚೆನ್ನಾಗಿರುವ, ಒಗರು ಕಡಿಮೆಯಿರುವ, ಮದ್ಯಾಂಶ ಮಿತವಾಗಿರುವ, ಸಾಧ್ಯವಾದರೆ ಗುಳ್ಳೆಗಳೂ ಇರುವ ಒಂದನ್ನು ಆರಿಸಿಕೊಳ್ಳಿ. ಹಬ್ಬಗಳು ಹತ್ತಿರವಾದಾಗಲೆಲ್ಲ ಈ ಉತ್ತರವನ್ನು ಬರೆಯುತ್ತಲೇ ಬಂದಿದ್ದೇನೆ. ಆದರೂ ಮುಂದಿನ ಹಬ್ಬಕ್ಕೆ ಅದೇ ಪ್ರಶ್ನೆ ಅದೇ ಬಣ್ಣದ ಸೂತ್ರವನ್ನು ಹೊತ್ತುಕೊಂಡು ಮರಳಿ ಬರುತ್ತದೆ. ಆದ್ದರಿಂದ ಈ ಸಲ ಆಯ್ಕೆಯ ವಿಚಾರಕ್ಕೆ ಇಳಿಯುವ ಮೊದಲು ಆ ಸೂತ್ರವನ್ನೇ ಬಿಡಿಸಿ ನೋಡಿಬಿಡೋಣ.

ಕಪ್ಪು ದ್ರಾಕ್ಷಿಯ ಬಹುತೇಕ ತಳಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆಯೊಡನೆ ರಸವನ್ನು ಹುದುಗಲು ಬಿಟ್ಟಾಗ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ, ವೈನ್ ಕೆಂಪಾಗುತ್ತದೆ. ಸಿಪ್ಪೆ, ಬೀಜ, ತೊಟ್ಟುಗಳಿಂದಲೇ ಟ್ಯಾನಿನ್ ಎಂಬ ಒಗರಿನ ಅಂಶವೂ ಬರುತ್ತದೆ. ಹೆಚ್ಚು ಹೊತ್ತು ಕುದಿಸಿದ, ಹಾಲು ಬೆರೆಸದ ಚಹಾ ಕುಡಿದಾಗ ನಾಲಗೆ ಹಿಡಿದಂತಾಗುತ್ತದಲ್ಲ, ಅದೇ ಇದು: ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಸಿದುಕೊಳ್ಳುತ್ತದೆ. ಕೊಬ್ಬು, ಪ್ರೋಟೀನು, ಉಪ್ಪು ಇರುವ ಮಾಂಸವನ್ನು ಜೊತೆಗೆ ತಿಂದಾಗ ಆ ಒಗರು ಮೆತ್ತಗಾಗುತ್ತದೆ. ಸೂತ್ರದ ಮೊದಲ ಅರ್ಧದಲ್ಲಿರುವ ಸತ್ಯ ಇಷ್ಟೇ, ಮತ್ತು ಅದು ಒಗರಿಗೆ ಸಂಬಂಧಿಸಿದ ಸತ್ಯವೇ ಹೊರತು ಬಣ್ಣಕ್ಕೆ ಸಂಬಂಧಿಸಿದ್ದಲ್ಲ.

ಬಣ್ಣವೂ ಒಗರೂ ಒಂದೇ ಸಿಪ್ಪೆಯಿಂದ ಬಂದರೂ ಅವು ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಇಟಲಿಯ ಪೀಡ್‌ಮಾಂಟ್ ಪ್ರದೇಶದ ನೆಬಿಯೋಲೊ ದ್ರಾಕ್ಷಿಯಿಂದ ಮಾಡಿದ ಬರೋಲೊ ವೈನ್ ನೋಡಲು ತಿಳಿ ಕೆಂಪಾಗಿದ್ದರೂ ಅದರ ಒಗರು ಪ್ರಬಲವಾದದ್ದು. ಫ್ರಾನ್ಸಿನ ಬೋಜೊಲೆ ಪ್ರದೇಶದ ಗಮೆ ದ್ರಾಕ್ಷಿಯ ವೈನ್ ನಿಚ್ಚಳ ಕೆಂಪಾಗಿದ್ದರೂ ಒಗರು ಬಹಳ ಕಡಿಮೆ. ಫ್ರಾನ್ಸಿನದೇ ಶಾಂಪೇನ್ ಪ್ರದೇಶದ ಎಷ್ಟೋ ಬಿಳಿ ವೈನುಗಳು ಪಿನೊ ನ್ವಾರ್ ಮತ್ತು ಮ್ಯುನಿಯೆ ಎಂಬ ಕಪ್ಪು ದ್ರಾಕ್ಷಿಗಳಿಂದಲೇ ಆದವು. ಇನ್ನು ಜಾರ್ಜಿಯಾ ದೇಶದಲ್ಲಿ ಬಿಳಿ ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ನೆಲದಲ್ಲಿ ಹೂತ ಕ್ವೆವ್ರಿ ಎಂಬ ಮಣ್ಣಿನ ಹೂಜಿಗಳಲ್ಲಿ ಹುದುಗಿಸುತ್ತಾರೆ; 2013ರಲ್ಲಿ ಯುನೆಸ್ಕೊ ಈ ವಿಧಾನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೊಂಬಣ್ಣದ ವೈನಿನಲ್ಲಿ ಎಷ್ಟೋ ಕೆಂಪು ವೈನುಗಳನ್ನು ಮೀರಿಸುವ ಒಗರಿರಬಹುದು. ಬಣ್ಣವನ್ನು ನಂಬಿದವರು ಇಲ್ಲೆಲ್ಲ ದಾರಿ ತಪ್ಪುತ್ತಾರೆ.

ಮೀನಿನ ಮಾತಿಗೆ ಬರೋಣ, ಏಕೆಂದರೆ ಓದುಗರು ಹೆಚ್ಚು ಹಟ ಹಿಡಿಯುವುದು ಇಲ್ಲಿಯೇ. ಕೆಂಪು ವೈನಿನ ಜೊತೆ ಮೀನು ತಿಂದಾಗ ಬಾಯಲ್ಲಿ ನೀಚುವಾಸನೆ ಉಳಿಯುತ್ತದೆ ಎಂಬ ಅವರ ಅನುಭವ ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ಬಣ್ಣವೂ ಅಲ್ಲ, ಟ್ಯಾನಿನ್ನೂ ಅಲ್ಲ. ಜಪಾನಿನ ಮರ್ಸಿಯನ್ ಕಂಪನಿಯ ಸಂಶೋಧಕರು 38 ಕೆಂಪು ಮತ್ತು 26 ಬಿಳಿ ವೈನುಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪಿನ ಮಾಂಸದ ಜೊತೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿಬಿದ್ದದ್ದು ಕಬ್ಬಿಣ. ಲೀಟರಿಗೆ ಸುಮಾರು 2 ಮಿಲಿಗ್ರಾಂ ದಾಟಿದ ಕಬ್ಬಿಣವಿರುವ ವೈನುಗಳಲ್ಲಿ ಆ ವಾಸನೆ ಬಲವಾಗಿ ಎದ್ದಿತು. ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕವನ್ನು ಅದೇ ವೈನಿಗೆ ಸೇರಿಸಿದಾಗ ವಾಸನೆ ತಗ್ಗಿತು. ಕೆಂಪು ವೈನುಗಳಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಸೂತ್ರ ಹಲವು ಸಲ ಸರಿಯೆನಿಸುತ್ತದೆ, ಅಷ್ಟೆ. ಕಬ್ಬಿಣ ಕಡಿಮೆಯಿರುವ ಕೆಂಪು ವೈನ್ ಮೀನಿನೊಡನೆ ತೊಂದರೆ ಮಾಡುವುದಿಲ್ಲ, ಕಬ್ಬಿಣ ಹೆಚ್ಚಿರುವ ಬಿಳಿ ವೈನ್ ಮಾಡಬಲ್ಲದು.

ಬಣ್ಣ ನಮ್ಮ ನಾಲಗೆಯನ್ನು ಎಷ್ಟು ಆಳುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟು ಅದರ ಪರಿಮಳವನ್ನು ವಿವರಿಸಲು ಹೇಳಲಾಯಿತು. ಅವರು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅದನ್ನು ವರ್ಣಿಸಿದರು. ಈ ಪ್ರಯೋಗದ ವಿವರ 2001ರಲ್ಲಿ ಪ್ರಕಟವಾಯಿತು. ಅಭ್ಯಾಸವಿದ್ದ ಮೂಗುಗಳನ್ನೇ ಕಣ್ಣು ಹೀಗೆ ಒಪ್ಪಿಸಬಲ್ಲದಾದರೆ, ಊಟದ ಮೇಜಿನಲ್ಲಿ ಬಣ್ಣವನ್ನು ನೆಚ್ಚಿ ತೀರ್ಮಾನಿಸುವುದನ್ನು ನಾವು ಬಿಡಲೇಬೇಕು.

ಹಾಗಾದರೆ ಏನನ್ನು ನೋಡಬೇಕು? ಮೊದಲಿಗೆ ಹುಳಿಯನ್ನು. ಎಣ್ಣೆ, ಬೆಣ್ಣೆ, ಕೊಬ್ಬು ಹೆಚ್ಚಿರುವ ಊಟದ ನಡುವೆ ಬಾಯನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುವುದು ಹುಳಿಯೇ. ಊಟದಲ್ಲಿ ಹುಳಿಯಿದ್ದರೆ ಪಾನೀಯದಲ್ಲಿ ಅದಕ್ಕೆ ಕಡಿಮೆಯಿಲ್ಲದಷ್ಟು ಹುಳಿ ಇರಬೇಕು, ಇಲ್ಲವಾದರೆ ವೈನ್ ಸಪ್ಪೆಯೆನಿಸುತ್ತದೆ. ಖಾರದ ವಿಚಾರ ಬೇರೆ. ಖಾರವನ್ನೂ ಬಿಸಿಯನ್ನೂ ಗುರುತಿಸುವ ನರತುದಿಯ ಗ್ರಾಹಕ ಒಂದೇ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಎಚ್ಚರಗೊಳ್ಳುವ ಅದು ಮದ್ಯಸಾರದ ಸಂಪರ್ಕದಲ್ಲಿ 34 ಡಿಗ್ರಿಗೇ, ಎಂದರೆ ಮೈಬಿಸಿಗಿಂತಲೂ ಕೆಳಗೇ, ಕೆರಳುತ್ತದೆ. ಹಾಗಾಗಿ ಖಾರದ ಅಡುಗೆಯ ಜೊತೆ ಶೇ. 14ರ ಕೆಂಪು ವೈನ್ ಉರಿಯನ್ನು ಹೆಚ್ಚಿಸುತ್ತದೆ; ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್‌ನಂತಹ, ಮದ್ಯಾಂಶ ಶೇ. 8ರಿಂದ 9ರ ಆಸುಪಾಸಿನಲ್ಲಿರುವ, ತುಸು ಸಿಹಿಯ ವೈನ್ ಅದನ್ನು ತಣಿಸುತ್ತದೆ.

ಸಿಹಿತಿಂಡಿಯ ಜೊತೆ ಪಾನೀಯವೂ ಕನಿಷ್ಠ ಅಷ್ಟೇ ಸಿಹಿಯಾಗಿರಬೇಕು. ಕೇಕಿನ ಜೊತೆ ಬ್ರೂಟ್ ಶಾಂಪೇನ್ ಹಂಚುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಬ್ರೂಟ್ ಎಂದು ಬರೆದ ಬಾಟಲಿಯಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆಯಿರುತ್ತದೆ. ಕೇಕಿನ ಮುಂದೆ ಅದು ಬರೀ ಹುಳಿಯಾಗುತ್ತದೆ, ಒಳ್ಳೆಯ ವೈನ್ ವ್ಯರ್ಥವಾಗುತ್ತದೆ. ಡೆಮಿ ಸೆಕ್ ಎಂದು ಬರೆದಿದ್ದರೆ 32ರಿಂದ 50 ಗ್ರಾಂ ಇರುತ್ತದೆ. ಸಿಹಿಗೆ ಅದನ್ನು ತನ್ನಿ, ಬ್ರೂಟನ್ನು ಊಟದ ಮೊದಲಿಗೆ, ಉಪ್ಪುಪ್ಪಾದ ಕರಿದ ತಿನಿಸುಗಳ ಜೊತೆಗೆ ತೆರೆಯಿರಿ.

ಸೈಡರಿನ ಬಗ್ಗೆ ಯಾರೂ ಬಿಡಿಸಿ ಕೇಳುವುದಿಲ್ಲವೆಂಬುದು ನನ್ನ ಬಹುದಿನದ ಕೊರಗು. ಹಬ್ಬದೂಟಕ್ಕೆ ಬೇಕಾದ ಗುಣಗಳೆಲ್ಲ ಅದರಲ್ಲಿ ಸಹಜವಾಗಿಯೇ ಕೂಡಿವೆ. ಸೇಬಿನ ಮ್ಯಾಲಿಕ್ ಆಮ್ಲದಿಂದ ಹುಳಿ, ಸಿಪ್ಪೆ ತಿರುಳುಗಳಿಂದ ಹದವಾದ ಒಗರು, ಜೊತೆಗೆ ಸಾಮಾನ್ಯವಾಗಿ ಶೇ. 4ರಿಂದ 8ರಷ್ಟು ಮಾತ್ರ ಮದ್ಯಾಂಶ. ಇಂಗ್ಲೆಂಡಿನ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದವರು 20ನೆಯ ಶತಮಾನದ ಆರಂಭದಲ್ಲೇ ಸೈಡರ್ ಸೇಬುಗಳನ್ನು ಬಣ್ಣದಿಂದಲ್ಲ, ಶೇ. 0.2ರ ಟ್ಯಾನಿನ್ ಮತ್ತು ಶೇ. 0.45ರ ಆಮ್ಲ ಎಂಬ ಎರಡು ಗೆರೆಗಳಿಂದ ಸಿಹಿ, ಹುಳಿ, ಕಹಿಸಿಹಿ, ಕಹಿಹುಳಿ ಎಂದು ನಾಲ್ಕು ಗುಂಪು ಮಾಡಿದರು. ವೈನ್ ಕುಡಿಯುವವರೂ ಇಂತಹ ಲೆಕ್ಕವನ್ನು ಕಲಿತಿದ್ದರೆ ನಾನು ಈ ಉತ್ತರವನ್ನು ಇಷ್ಟು ಸಲ ಬರೆಯಬೇಕಾಗುತ್ತಿರಲಿಲ್ಲ. ಕಹಿಸಿಹಿ ಸೇಬುಗಳ, ಒಗರಿರುವ, ಸಿಹಿ ಉಳಿಯದ ‘ಡ್ರೈ’ ಸೈಡರನ್ನು ಹುರಿದ ಮಾಂಸಕ್ಕೆ ಇಡಿ. ಉತ್ತರ ಸ್ಪೇನಿನ ಆಸ್ಟೂರಿಯಾಸ್ ಮತ್ತು ಬಾಸ್ಕ್ ಪ್ರದೇಶಗಳ ಚುರುಕು ಹುಳಿಯ ಸೈಡರನ್ನು ಮೀನಿಗೆ ಇಡಿ. ನಾರ್ಮಂಡಿಯ ಸಿಹಿ ಸೈಡರನ್ನು ಕೊನೆಗೆ ಉಳಿಸಿಕೊಳ್ಳಿ. ಮದ್ಯ ಮುಟ್ಟದವರಿಗೆ ಹುದುಗದ ಸೇಬಿನ ರಸಕ್ಕೆ ಸೋಡಾ ಬೆರೆಸಿ ಕೊಟ್ಟರೆ ಅದೇ ಮ್ಯಾಲಿಕ್ ಹುಳಿ ಅವರ ಲೋಟದಲ್ಲೂ ಇರುತ್ತದೆ.

ಬಿಯರಿನಲ್ಲಿ ಹುಳಿ ಕಡಿಮೆ. ಬಾಯಿ ತೊಳೆಯುವ ಕೆಲಸವನ್ನು ಅಲ್ಲಿ ಗುಳ್ಳೆಗಳೂ ಹಾಪ್ಸ್ ಹೂವಿನ ಕಹಿಯೂ ಮಾಡುತ್ತವೆ. ಮಾಂಸ ಹುರಿಯುವಾಗ ಮೇಲ್ಮೈ ಕಂದಾಗಿ ಘಮಘಮಿಸುವುದಕ್ಕೂ ಬಿಯರಿಗೆ ಬಳಸುವ ಮಾಲ್ಟನ್ನು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಹುರಿದಾಗ ಅದಕ್ಕೆ ಬಣ್ಣ ಬರುವುದಕ್ಕೂ ಕಾರಣ ಒಂದೇ, 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ವಿವರಿಸಿದ ರಾಸಾಯನಿಕ ಕ್ರಿಯೆ. ಆದ್ದರಿಂದ ಕಂದು ಏಲ್, ಡುಂಕೆಲ್, ಬಾಕ್ ಬಗೆಯ ಬಿಯರುಗಳು ಹುರಿದ ಮಾಂಸದೊಡನೆ ಚೆನ್ನಾಗಿ ಬೆರೆಯುತ್ತವೆ. ಖಾರದ ಅಡುಗೆಗೆ ಕಹಿ ಬಲವಾಗಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಿಯರ್ ಬೇಡ, ಗೋಧಿಯ ಬಿಯರ್ ಸಾಕು.

ನೀವು ಕೇಳದಿದ್ದರೂ ಒಂದು ಮಾತನ್ನು ಸೇರಿಸಲೇಬೇಕು, ಏಕೆಂದರೆ ಸರಿಯಾಗಿ ಆರಿಸಿ ತಂದ ಬಾಟಲಿಯೂ ಇಲ್ಲಿ ಕೆಡುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕು ಎನ್ನುವಾಗ ಆ ಕೋಣೆ ಎಷ್ಟು ಬೆಚ್ಚಗಿದೆ ಎಂದು ಯಾರೂ ಯೋಚಿಸುವುದಿಲ್ಲ. ಗಟ್ಟಿ ಕೆಂಪು ವೈನಿಗೆ 16ರಿಂದ 18 ಡಿಗ್ರಿ, ಗಮೆಯಂತಹ ಹಗುರ ಕೆಂಪಿಗೆ 12ರಿಂದ 14, ಬಿಳಿಗೆ 8ರಿಂದ 12, ಗುಳ್ಳೆಯ ವೈನಿಗೆ 6ರಿಂದ 8 ಡಿಗ್ರಿ ಸರಿ. ಜನ ತುಂಬಿ ಒಲೆ ಉರಿಯುತ್ತಿರುವ ಮನೆಯಲ್ಲಿ ಕೆಂಪು ವೈನ್ 25 ಡಿಗ್ರಿ ದಾಟಿದಾಗ ಮದ್ಯಸಾರದ ಘಾಟು ಮೇಲೆದ್ದು ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಬಡಿಸುವ ಮೊದಲು ಅದನ್ನು 20 ನಿಮಿಷ ಫ್ರಿಜ್ಜಿನಲ್ಲಿಡಿ. ಬಿಳಿ ವೈನನ್ನು 10 ನಿಮಿಷ ಮೊದಲೇ ಹೊರಗೆ ತೆಗೆಯಿರಿ, ಬಹಳ ತಣ್ಣಗಿದ್ದರೆ ಪರಿಮಳ ಹೊಮ್ಮುವುದಿಲ್ಲ. ವೈನಿಗೆ ಗಾಳಿಯಾಡಲೆಂದು ಬಿರಡೆ ತೆಗೆದು ಬಾಟಲಿಯನ್ನು ಗಂಟೆಗಟ್ಟಲೆ ಹಾಗೆಯೇ ಇಡುವುದರಿಂದ ಹೆಚ್ಚೇನೂ ಆಗದು, ಏಕೆಂದರೆ ಕತ್ತಿನಲ್ಲಿ ಗಾಳಿ ಸೋಕುವ ಜಾಗ ಒಂದು ನಾಣ್ಯದಷ್ಟಗಲ ಮಾತ್ರ. ಒಗರು ಹೆಚ್ಚಿರುವ ಎಳೆಯ ವೈನಾದರೆ ಅಗಲ ಬಾಯಿಯ ಹೂಜಿಗೆ ಸುರಿದಿಡಿ; ಉಳಿದವನ್ನು ನೇರವಾಗಿ ಲೋಟಕ್ಕೆ ಸುರಿಯಬಹುದು.