ಅಮ್ಮ ಕಳ್ಳನ ಕಡೆ ಯಾಕೆ ನಿಂತಳು?

ಸಿಂಧನೂರಿನಲ್ಲಿ ಬೇಸಿಗೆ ಬಂತೆಂದರೆ ಮಲಗುವುದು ಮಾಳಿಗೆ ಮೇಲೆ. ಹೋದ ಬೇಸಿಗೆಯಲ್ಲಿ ನಾನೂ ಅಮ್ಮನೂ ಅಲ್ಲೇ ಹಾಸಿಗೆ ಹಾಸಿಕೊಂಡು, ಮೊಬೈಲಿನಲ್ಲಿ ಅಮೆರಿಕದ ಧಾರಾವಾಹಿ ‘ಬ್ರೇಕಿಂಗ್ ಬ್ಯಾಡ್’ ನೋಡಿ ಮುಗಿಸಿದೆವು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ನಾನೇ ಕಥೆ ಹೇಳುತ್ತಾ ಹೋದೆ. ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್‌ಗೆ ಶ್ವಾಸಕೋಶದ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ದುಡ್ಡು ಮಾಡಿಡಬೇಕು ಅಂತ ಹಳೆ ಶಿಷ್ಯ ಜೆಸ್ಸಿಯ ಜೊತೆ ಸೇರಿ ಡ್ರಗ್ಸ್ ತಯಾರಿಸುತ್ತಾನೆ.

ಮೂರನೇ ಸೀಸನ್ನಿನಲ್ಲಿ ಒಂದು ದೃಶ್ಯವಿದೆ. ಡ್ರಗ್ಸ್ ಕಾಸುತ್ತಿದ್ದ ಹಳೆ ವ್ಯಾನಿನೊಳಗೆ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದಾರೆ. ಬಾಗಿಲ ಹೊರಗೆ ನಿಂತಿರುವ, ಡ್ರಗ್ಸ್ ದಂಧೆ ಹಿಡಿಯುವ ಅಧಿಕಾರಿ ಹ್ಯಾಂಕ್, ವಾಲ್ಟರನ ಷಡ್ಡಕ. ಒಳಗಿರುವುದು ಯಾರೆಂದು ಅವನಿಗೆ ಗೊತ್ತಿಲ್ಲ. ಅಮ್ಮ ಎದ್ದು ಕೂತಳು. “ಯವ್ವಾ, ಸಿಕ್ಕಾ ಬಿಡ್ತಾನ!” ಅಷ್ಟರಲ್ಲಿ ಹ್ಯಾಂಕ್‌ಗೆ ಒಂದು ಫೋನ್. ನಿಮ್ಮ ಹೆಂಡತಿಗೆ ಅಪಘಾತವಾಗಿದೆ, ಆಸ್ಪತ್ರೆಗೆ ಬನ್ನಿ. ಅವನು ಎದ್ದೆನೋ ಬಿದ್ದೆನೋ ಅಂತ ಓಡಿದ. ಅದು ವಾಲ್ಟರ್ ಮಾಡಿಸಿದ ಸುಳ್ಳು ಕರೆ. ಅಮ್ಮ ದೊಡ್ಡದಾಗಿ ಉಸಿರುಬಿಟ್ಟು “ಸದ್ಯ, ಪಾರಾದ” ಅಂದಳು.

ಅಂಗಡಿಯವನು ಹತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟರೆ ಬಿಸಿಲಲ್ಲೇ ಹಿಂದಕ್ಕೆ ಹೋಗಿ ಕೊಟ್ಟುಬರುವ ಹೆಂಗಸು ಅವಳು.

ಆ ದೃಶ್ಯದಲ್ಲಿ ನಾವಿಬ್ಬರೂ ಇದ್ದದ್ದು ವ್ಯಾನಿನ ಒಳಗೆ. ಬಾಗಿಲ ಸದ್ದು ವಾಲ್ಟರ್‌ಗೆ ಕೇಳಿಸಿದಂತೆಯೇ ನಮಗೂ ಕೇಳಿಸಿತು. ಸಿನಿಮಾ ಬಗ್ಗೆ ಆಳವಾಗಿ ಯೋಚಿಸಿದ ಮರೆ ಸ್ಮಿತ್ 1995ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಪಾತ್ರದ ಜೊತೆಗಿರುವುದು ಬೇರೆ, ಅದರ ಪರ ವಹಿಸುವುದು ಬೇರೆ. ಆದರೆ ಜೊತೆಗಿದ್ದೂ ಇದ್ದೂ ಪರ ವಹಿಸುವುದು ಸುಲಭವಾಗುತ್ತದೆ. ನಮ್ಮ ರನ್ನನಿಗೂ ಸಾವಿರ ವರ್ಷದ ಹಿಂದೆ ಇದು ಗೊತ್ತಿತ್ತು. ದುರ್ಯೋಧನನ ಜೊತೆಗೇ ರಣರಂಗದಲ್ಲಿ ನಮ್ಮನ್ನೂ ನಡೆಸಿದ. ದುಶ್ಶಾಸನನ ಹೆಣ, ಕರ್ಣನ ಹೆಣ ಅವನ ಕಣ್ಣಿಂದಲೇ ನೋಡಿದ ಮೇಲೆ ಅವನನ್ನು ಬೈಯಲು ಬಾಯಿ ಬರುವುದಿಲ್ಲ.

ನೋಡುಗರು ಮೊದಲು ಪಾತ್ರದ ಒಳಿತು ಕೆಡುಕು ತೂಗುತ್ತಾರೆ, ಆಮೇಲೆ ಇಷ್ಟಪಡುತ್ತಾರೆ ಅನ್ನುವುದು ಮನೋವಿಜ್ಞಾನದಲ್ಲಿದ್ದ ಹಳೆಯ ಲೆಕ್ಕ. 2004ರಲ್ಲಿ ಆರ್ಥರ್ ರೇನಿ ಇದನ್ನು ತಿರುಗಿಸಿ ನೋಡಿದರು. ಎಷ್ಟೋ ಸಲ ಮೊದಲು ಬರುವುದು ಇಷ್ಟ. ತಪ್ಪಿಗೆ ನೆಪ ಆಮೇಲೆ ಹುಡುಕುತ್ತೇವೆ. ಅಮ್ಮನ ನೆಪ ಒಂದೇ: “ಪಾಪ, ಮನಿ ಸಲುವಾಗಿ ಮಾಡಾಕತ್ತಾನ.”

ಅದೇ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ಬೈಕ್ ಕದ್ದು ಸಿಕ್ಕಿಬಿದ್ದ. ಎರಡು ನಿಮಿಷದಲ್ಲಿ ಓಣಿಯೆಲ್ಲಾ ತೀರ್ಪು ಕೊಟ್ಟಿತು. “ಅವನ ಬುದ್ಧೀನ ಅಂಥಾದ್ದು.” ಅಮ್ಮನೂ ಅಂದಳು, ನಾನೂ ತಲೆಯಾಡಿಸಿದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

1967ರಲ್ಲಿ ಅಮೆರಿಕದಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರವಾದ, ವಿರುದ್ಧವಾದ ಬರಹಗಳನ್ನು ಓದಲು ಕೊಟ್ಟರು. ಯಾವ ಕಡೆ ಬರೆಯಬೇಕು ಅನ್ನುವುದನ್ನು ಬರೆದವನಿಗೆ ಬೇರೆಯವರೇ ಹೇಳಿದ್ದು ಅಂತ ತಿಳಿಸಿದರು. ಆದರೂ ಓದಿದವರು, ಪರವಾಗಿ ಬರೆದವನ ಮನಸ್ಸೂ ಕ್ಯಾಸ್ಟ್ರೋ ಕಡೆಗೇ ಇದೆ ಅಂದುಕೊಂಡರು. ಬೇರೆಯವರ ನಡತೆ ನೋಡುವಾಗ ಅವರ ಪರಿಸ್ಥಿತಿ ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ, ಸ್ವಭಾವ ಮಾತ್ರ ಎದ್ದು ಕಾಣುತ್ತದೆ.

ವಾಲ್ಟರನ ಪರಿಸ್ಥಿತಿ ನೋಡಲು ನಮಗೆ 62 ಕಂತು ಸಿಕ್ಕಿತ್ತು. ಒಂದಕ್ಕೆ ಮುಕ್ಕಾಲು ಗಂಟೆ ಅಂದರೂ ನಲವತ್ತಾರೂವರೆ ಗಂಟೆ. ಅವನ ಕೆಮ್ಮು, ಆಸ್ಪತ್ರೆ ಬಿಲ್ಲು, ಮಗಳನ್ನು ಎತ್ತಿಕೊಂಡದ್ದು, ಎಲ್ಲಾ ನೋಡಿದೆವು. ಬೈಕ್ ಹುಡುಗನ ಮನೆಯ ಒಳಗೆ ನಾವು ಯಾರೂ ಕಾಲಿಟ್ಟಿರಲಿಲ್ಲ.

ಕೊನೆಯ ಕಂತಿನಲ್ಲಿ ವಾಲ್ಟರ್ ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಮಾಡಿದ್ದೆಲ್ಲಾ ತನಗಾಗಿಯೇ, ಅದು ತನಗೆ ಇಷ್ಟವಾಗಿತ್ತು ಅಂತ. ಅದನ್ನು ಅಮ್ಮನಿಗೆ ಹೇಳಿದೆ. ಮನೆ ಸಲುವಾಗಿ ಅನ್ನುವ ಮಾತು ಅಲ್ಲಿಗೆ ಬಿತ್ತು. ಅಮ್ಮ ಸುಮ್ನೆ ನೋಡುತ್ತಿದ್ದಳು. ಕಥೆ ಮುಗಿಯಿತು, ಮೊಬೈಲ್ ಆರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲಿ ಅವಳ ದನಿ ಕೇಳಿತು.

“ಆದ್ರೂ ಕಡೀಗೆ ಆ ಹುಡುಗ ಜೆಸ್ಸೀನ ಬಿಡಿಸಿದ್ನಲ್ಲ.”