ಪದ ಪರಿಚಯ: ಉಕ್ತಲೇಖನ ಪರೀಕ್ಷೆ

ಆಸ್ಟ್ರೇಲಿಯಾದ ವಲಸೆ ನೀತಿಯ ಚರಿತ್ರೆಯಲ್ಲಿ ಈ ಪದಕ್ಕೆ ಶಾಲೆಯ ನೆನಪಿನ ಸೌಮ್ಯತೆ ಇಲ್ಲ. ಅಧಿಕಾರಿ ಐವತ್ತು ಪದಗಳ ಒಂದು ಭಾಗವನ್ನು ಓದಿ ಹೇಳುತ್ತಿದ್ದ, ದೇಶದೊಳಗೆ ಬರಬಯಸುವವನು ಅದನ್ನು ಕೇಳಿ ಬರೆಯಬೇಕಿತ್ತು. 1901ರ ವಲಸೆ ನಿರ್ಬಂಧ ಕಾಯ್ದೆಯಲ್ಲಿ ಬಣ್ಣದ ಮಾತಿಲ್ಲ, ಜನಾಂಗದ ಹೆಸರಿಲ್ಲ. ಆದರೆ ಯುರೋಪಿನ ಯಾವ ಭಾಷೆಯಲ್ಲಿ ಬರೆಸಬೇಕೆಂಬುದು ಅಧಿಕಾರಿಯ ಇಚ್ಛೆ. ಇಂಗ್ಲಿಷ್ ಬಲ್ಲ ಏಷ್ಯಾದವನಿಗೆ ಜರ್ಮನ್ ಕೊಡಬಹುದಿತ್ತು. ಅದೂ ಬಂದರೆ ಮತ್ತೊಂದು. ಬರೆಯಲಾರದವನು ‘ನಿಷೇಧಿತ ವಲಸಿಗ’. ಅವನಿಗೆ ಸೆರೆವಾಸ, ಗಡೀಪಾರು. ಬಿಳಿಯರನ್ನು ಸಾಮಾನ್ಯವಾಗಿ ಪರೀಕ್ಷೆಗೆ ಕೂರಿಸುತ್ತಲೇ ಇರಲಿಲ್ಲ. 1909ರ ನಂತರ ಇದರಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ.

ಇಷ್ಟು ಸುತ್ತುಬಳಸಿನ ದಾರಿ ಏಕೆ? ಬಿಳಿಯರಲ್ಲದವರು ಬರಕೂಡದು ಎಂದು ನೇರವಾಗಿ ಬರೆಯಲು ಆಸ್ಟ್ರೇಲಿಯಾದ ಹಲವು ಸಂಸದರು ಸಿದ್ಧರಿದ್ದರು. ಬ್ರಿಟನ್‌ಗೆ ಅದು ಮುಜುಗರದ ವಿಷಯ: ಜಪಾನಿನ ಸ್ನೇಹ ಬೇಕಿತ್ತು, ಭಾರತೀಯರಂತೂ ತನ್ನದೇ ಸಾಮ್ರಾಜ್ಯದ ಪ್ರಜೆಗಳು. ಹೀಗಾಗಿ ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್ ದಕ್ಷಿಣ ಆಫ್ರಿಕಾದ ನಟಾಲ್‌ನ ಮಾದರಿಯನ್ನು ಮುಂದಿಟ್ಟರು. ಭಾರತೀಯರನ್ನು ತಡೆಯಲು 1897ರಲ್ಲಿ ನಟಾಲ್ ಭಾಷಾ ಪರೀಕ್ಷೆಯ ಕಾಯ್ದೆ ಮಾಡಿತ್ತು. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಡರ್ಬನ್ ನಗರದ ಗುಂಪೊಂದು ಗಾಂಧೀಜಿಯ ಮೇಲೆ ಹಲ್ಲೆ ನಡೆಸಿತ್ತು. ಬೀದಿಯ ಆ ದ್ವೇಷ ಮತ್ತು ಕಚೇರಿಯ ಈ ಪರೀಕ್ಷೆ ಒಂದೇ ಬೇರಿನವು ಎಂದು ನಾನು ನಂಬುತ್ತೇನೆ. ಜಪಾನ್ ಪ್ರತಿಭಟಿಸಿದ್ದರಿಂದ 1905ರಲ್ಲಿ ‘ಯುರೋಪಿನ ಭಾಷೆ’ ಎಂಬುದು ‘ನಿಗದಿಪಡಿಸಿದ ಭಾಷೆ’ ಎಂದಾಯಿತು. ಏಷ್ಯಾದ ಯಾವ ಭಾಷೆಯೂ ನಿಗದಿಯಾಗಲಿಲ್ಲ, ಪರೀಕ್ಷೆ ಯುರೋಪಿನ ಭಾಷೆಗಳಲ್ಲೇ ಮುಂದುವರಿಯಿತು.

ಬೇಡವಾದ ಬಿಳಿಯರ ಮೇಲೂ ಇದೇ ಅಸ್ತ್ರ ಬಳಕೆಯಾಯಿತು. 1934ರಲ್ಲಿ ನಾಜಿ ವಿರೋಧಿ ಭಾಷಣಗಳಿಗೆಂದು ಬಂದ ಪ್ರಾಗ್ ಮೂಲದ ಪತ್ರಕರ್ತ ಎಗಾನ್ ಕಿಶ್ ಅವರಿಗೆ ಇಳಿಯಲು ಅನುಮತಿ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ ಅವರು ಹಡಗಿನಿಂದ ಜಿಗಿದು ಕಾಲು ಮುರಿದುಕೊಂಡರು. ಸಿಡ್ನಿಯಲ್ಲಿ ಹಲವು ಭಾಷೆ ಬಲ್ಲ ಅವರಿಗೆ ಕೊಟ್ಟದ್ದು ಸ್ಕಾಟ್ಲೆಂಡಿನ ಕೆಲವರಷ್ಟೇ ಆಡುವ ಸ್ಕಾಟಿಷ್ ಗೇಲಿಕ್. ಕಾಯ್ದೆಯ ಅರ್ಥದಲ್ಲಿ ಅದು ಯುರೋಪಿನ ಭಾಷೆಯಲ್ಲ ಎಂದು ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತೀರ್ಪಿತ್ತಿತು. ಕಿಶ್ ಬಿಡುಗಡೆಯಾದರು, ಪರೀಕ್ಷೆ ಮಾತ್ರ ಉಳಿಯಿತು.

ಅದನ್ನು ಕೈಬಿಟ್ಟದ್ದು 1958ರ ವಲಸೆ ಕಾಯ್ದೆ. ಬಾಗಿಲಲ್ಲಿದ್ದ ತಡೆ ಹೋದರೂ ಒಳಗಿನ ತಾರತಮ್ಯ ಹೋಗಿರಲಿಲ್ಲ. 1949ರಲ್ಲಿ ಆಸ್ಟ್ರೇಲಿಯಾಕ್ಕೆ ತನ್ನದೇ ಪೌರತ್ವ ಬಂದಿತ್ತು. ಅದಕ್ಕೂ ಮುಂಚೆ ಆಸ್ಟ್ರೇಲಿಯನ್ನರು ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆಗಳಷ್ಟೇ. ಯುರೋಪೇತರರಿಗೆ ಆ ಪೌರತ್ವದ ದಾರಿ ತೆರೆದದ್ದು 1957ರಲ್ಲಿ, ಅದೂ ಹದಿನೈದು ವರ್ಷ ನೆಲೆಸಿದವರಿಗೆ. 1966ರಲ್ಲಿ ಈ ಅವಧಿ ಐದು ವರ್ಷಕ್ಕೆ ಇಳಿಯಿತು. 1973ರಲ್ಲಿ ಪ್ರಧಾನಿ ಗಾಫ್ ವಿಟ್ಲಮ್ ಅವರ ಸರ್ಕಾರ ಮೂಲ ಯಾವುದೇ ಇರಲಿ, ಎಲ್ಲ ವಲಸಿಗರಿಗೂ ಮೂರು ವರ್ಷ ಎಂಬ ಒಂದೇ ನಿಯಮ ತಂದಿತು.